ತರಗತಿಯ ಶಿಸ್ತು ಮತ್ತು ವಿಜ್ಞಾನ

ಪರಮಾಣುವಿನ ರಚನೆಯನ್ನೋ ನಕ್ಷತ್ರಗಳ ಹುಟ್ಟನ್ನೋ ಕುರಿತು ಓದಲೆಂದು ವಿಜ್ಞಾನ ಪತ್ರಿಕೆಯನ್ನು ಕೈಗೆತ್ತಿಕೊಳ್ಳುವ ವಾಚಕರಿಗೆ ತರಗತಿಯ ಶಿಸ್ತು ವಿಜ್ಞಾನದ ವಿಷಯವೆಂದು ತೋರದಿರಬಹುದು. ಅದು ಗುರುಗಳ ಸ್ವಭಾವಕ್ಕೆ, ಇಲ್ಲವೆ ಅವರ ಕೈಯಲ್ಲಿರುವ ಬೆತ್ತಕ್ಕೆ ಸೇರಿದ ಮಾತೆಂಬುದು ಸಾಮಾನ್ಯ ನಂಬಿಕೆ. ಆದರೆ ನಲವತ್ತು ಮಕ್ಕಳು ಒಂದು ಕೋಣೆಯಲ್ಲಿ ಕುಳಿತಾಗ ಅಲ್ಲಿ ಶಬ್ದವುಂಟು. ಶಬ್ದಕ್ಕೆ ಭೌತಶಾಸ್ತ್ರದ ನಿಯಮಗಳುಂಟು. ಅಲ್ಲಿ ವರ್ತನೆಯುಂಟು, ಅದನ್ನು ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದ ಪರೀಕ್ಷಿಸಿದ್ದಾರೆ. ಗದ್ದಲವು ದಿನದಿಂದ ದಿನಕ್ಕೆ ಏರಿಳಿಯುವುದುಂಟು. ಆ ಏರಿಳಿತವನ್ನು ಅರಿಯಲು ಗಣಿತವುಂಟು. ಆದುದರಿಂದ ಶಿಸ್ತನ್ನು ಕುರಿತು ವೈಜ್ಞಾನಿಕವಾಗಿ ವಿಚಾರ ಮಾಡುವುದು ಸಾಧ್ಯ ಮಾತ್ರವಲ್ಲ, ಅವಶ್ಯವೂ ಹೌದು.

ಬಾಗಲಕೋಟೆ ಜಿಲ್ಲೆಯಲ್ಲಿ ಶಿಕ್ಷಕರ ತರಬೇತಿಯ ಜಿಲ್ಲಾ ಸಂಸ್ಥೆಯು ಇಳಕಲ್ಲಿನಲ್ಲಿದೆ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1906ರಿಂದ ಈ ಸೀಮೆಯಲ್ಲಿ ವಿದ್ಯೆಯ ಕೆಲಸವನ್ನು ನಡೆಸಿಕೊಂಡು ಬಂದಿದೆ. ತರಬೇತಿ ಮುಗಿಸಿದ ತರುಣರು ಬಾದಾಮಿ, ಹುನಗುಂದದ ಕಡೆಯ ಹಳ್ಳಿಗಳ ಶಾಲೆಗೆ ಮೊದಲ ಸಲ ಕಾಲಿಟ್ಟಾಗ ಅವರನ್ನು ಕಾಡುವ ಪ್ರಶ್ನೆ 'ಏನನ್ನು ಕಲಿಸಲಿ?' ಎಂಬುದಲ್ಲ, 'ಇವರನ್ನು ಸುಮ್ಮನೆ ಕೂರಿಸುವುದು ಹೇಗೆ?' ಎಂಬುದು. ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿಯೂ ಕೆಲವರು ನಾಳೆ ಅದೇ ಬಾಗಿಲಲ್ಲಿ ನಿಲ್ಲುವವರೇ. ಆ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಗುರುಗಳು ಕಂಠವನ್ನೂ ಉತ್ಸಾಹವನ್ನೂ ಕಳೆದುಕೊಳ್ಳುತ್ತಾರೆ. ಶಾಲೆಗೆ ಬರುವ ಮನಸ್ಸನ್ನು ಮೊದಲೇ ಅರ್ಧ ಕಳೆದುಕೊಂಡಿರುವ ಮಗುವು ಶಾಲೆಯನ್ನೇ ಬಿಟ್ಟುಬಿಡುತ್ತದೆ. ಇದು ಸಣ್ಣ ನಷ್ಟವಲ್ಲ.

ಬಳ್ಳಾರಿಯ ಒಂದು ಹಳೆಯ ವರದಿ

ಹುನಗುಂದದಿಂದ ಆಗ್ನೇಯಕ್ಕೆ ಹೋಗಿ ತುಂಗಭದ್ರೆಯನ್ನು ದಾಟಿದರೆ ಬಳ್ಳಾರಿಯ ಸೀಮೆ. 1822ರಲ್ಲಿ ಮದ್ರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ತನ್ನ ಆಡಳಿತದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಅಲ್ಲಿ ಹೇಗೆ ಕಲಿಸುತ್ತಾರೆ ಎಂಬುದನ್ನು ತಿಳಿಸಬೇಕೆಂದು ಕಲೆಕ್ಟರರಿಗೆ ಅಪ್ಪಣೆ ಮಾಡಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯು ಇಂದಿಗೂ ಓದತಕ್ಕದ್ದು. ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಶಾಲೆಗಳ ಪೈಕಿ 235 ಕನ್ನಡ ಶಾಲೆಗಳು. ಲೆಕ್ಕ ಹಾಕಿದರೆ ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಕ್ಕಳಾದರು.

ಆ ಶಾಲೆಗಳಲ್ಲಿ ಬೆಳಗಿನ ಹಾಜರಿಗೆ ಒಂದು ಪದ್ಧತಿಯಿತ್ತು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು, ಅದು ಗೌರವ. ಎರಡನೆಯವನ ಅಂಗೈಗೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಆಮೇಲೆ ಬಂದ ಒಬ್ಬೊಬ್ಬನಿಗೂ ಒಂದೊಂದು ಏಟು ಹೆಚ್ಚು. ಸೋಮಾರಿ ಹುಡುಗನ ಎರಡು ಕೈಗಳನ್ನೂ ಕಟ್ಟಿ ಮಾಡಿಗೆ ತೂಗಹಾಕುವುದೂ ಇತ್ತು. ನಮ್ಮ ಹಿರಿಯರು ಕೋದಂಡವೆಂದು ಕರೆಯುತ್ತಿದ್ದ ಶಿಕ್ಷೆ ಇಂಥದೇ. ಬಸ್ಕಿ ಹೊಡೆಸುವುದಂತೂ ಸಾಮಾನ್ಯವಾಗಿತ್ತು.

ಈಗ ನಾವು ಸ್ವಲ್ಪ ಲೆಕ್ಕ ಮಾಡೋಣ. ಹನ್ನೆರಡು ಮಕ್ಕಳ ಶಾಲೆಯಲ್ಲಿ ಮೂರನೆಯವನಿಗೆ 1, ನಾಲ್ಕನೆಯವನಿಗೆ 2, ಹೀಗೆ ಹನ್ನೆರಡನೆಯವನಿಗೆ 10 ಏಟು. ಒಂದರಿಂದ ಹತ್ತರವರೆಗಿನ ಸಂಖ್ಯೆಗಳ ಮೊತ್ತ 55. ಪ್ರತಿದಿನ ಬೆಳಿಗ್ಗೆ 55 ಏಟುಗಳು. ಮಕ್ಕಳೆಲ್ಲ ಹೆದರಿ ಮರುದಿನ ಒಂದು ಗಂಟೆ ಮುಂಚಿತವಾಗಿ ಬಂದರೆ ಏಟುಗಳು ಎಷ್ಟಾಗುತ್ತವೆ? ಆಗಲೂ 55. ಏಕೆಂದರೆ ಎಷ್ಟು ಬೇಗ ಬಂದರೂ ಹನ್ನೆರಡು ಜನರಲ್ಲಿ ಒಬ್ಬನು ಹನ್ನೆರಡನೆಯವನಾಗಿಯೇ ಬರಬೇಕಷ್ಟೆ. ತಡವಾಗಿ ಬರುವುದನ್ನು ತಪ್ಪಿಸಲು ಹುಟ್ಟಿದ ನಿಯಮವು ಯಾರು ಎಷ್ಟು ಸುಧಾರಿಸಿದರೂ ಏಟುಗಳನ್ನು ಕಡಿಮೆ ಮಾಡುವುದಿಲ್ಲ. ಅವುಗಳನ್ನು ಹಂಚುತ್ತದೆ, ಅಷ್ಟೆ. ಹೆಚ್ಚಿನ ಪಾಲು ಸಲ್ಲುವುದು ಯಾರಿಗೆ? ದೂರದಿಂದ ನಡೆದು ಬರುವವನಿಗೆ, ಮನೆಯ ಕೆಲಸವನ್ನು ಮುಗಿಸಿ ಬರಬೇಕಾದವನಿಗೆ. ಇಂದಿನ ಮಾತಿನಲ್ಲಿ ಹೇಳುವುದಾದರೆ, ನೀರು ತಂದಿಟ್ಟು, ತಮ್ಮನನ್ನು ಸಂತೈಸಿ, ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತಿಕೊಟ್ಟು ಬರುವ ಇಳಕಲ್ಲಿನ ಹುಡುಗಿಗೆ.

ಆದರೆ ಅದೇ ಶಾಲೆಗಳಲ್ಲಿ ಇನ್ನೊಂದು ಪದ್ಧತಿಯನ್ನೂ ಕ್ಯಾಂಪ್‌ಬೆಲ್ ಕಂಡು ಮೆಚ್ಚಿದನು. ಮುಂದುವರಿದ ಹುಡುಗರು ಚಿಕ್ಕವರಿಗೆ ಅಕ್ಷರ ತಿದ್ದಿಸುತ್ತಿದ್ದರು. ಹಾಗೆ ಕಲಿಸುತ್ತ ತಮ್ಮ ಪಾಠವನ್ನು ತಾವೇ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಮದ್ರಾಸಿನ ಅನಾಥಾಲಯದ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆ್ಯಂಡ್ರೂ ಬೆಲ್ ಎಂಬವನು ಈ ನಾಡಿನ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆದು ಕಲಿಯುವುದನ್ನು ನೋಡಿ, ತನ್ನ ಶಾಲೆಯಲ್ಲಿ ಅದನ್ನು ಅಳವಡಿಸಿ, ದೊಡ್ಡವರಿಂದ ಚಿಕ್ಕವರಿಗೆ ಕಲಿಸುವ ಕ್ರಮವನ್ನು ಬೆಳೆಸಿ, 1797ರಲ್ಲಿ ಲಂಡನ್ನಿನಲ್ಲಿ ಅದನ್ನು ಕುರಿತು ಪುಸ್ತಕವನ್ನು ಅಚ್ಚು ಹಾಕಿಸಿದ್ದನು. ಇಂಗ್ಲೆಂಡಿನ ಶಾಲೆಗಳು ಅದನ್ನು ಅನುಸರಿಸಿದವು. ಹೀಗೆ ಒಂದೇ ಮಾಡಿನ ಕೆಳಗೆ ಶಿಸ್ತಿನ ಎರಡು ಬಗೆಗಳಿದ್ದವು. ತಪ್ಪಾದ ಮೇಲೆ ಹೊಡೆಯುವುದು ಒಂದು. ಪ್ರತಿಯೊಂದು ಮಗುವಿನ ಕೈಗೂ ಕೆಲಸ ಕೊಟ್ಟು ತಪ್ಪಿಗೆ ಎಡೆಯಿಲ್ಲದಂತೆ ಮಾಡುವುದು ಮತ್ತೊಂದು. ಇವೆರಡರಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆಂಬುದೇ ನಮ್ಮ ಪ್ರಶ್ನೆ.

ಬೆತ್ತ ಗೆದ್ದಂತೆ ತೋರುವುದೇಕೆ?

'ಹೊಡೆದರೆ, ಗದರಿಸಿದರೆ ಮಕ್ಕಳು ಸುಮ್ಮನಾಗುತ್ತಾರೆ. ನಾವು ಕಣ್ಣಾರೆ ಕಂಡಿದ್ದೇವೆ' ಎಂದು ಅನುಭವಸ್ಥರು ಹೇಳುವುದುಂಟು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕಣ್ಣಾರೆ ಕಂಡದ್ದಕ್ಕೂ ಕಾರಣವನ್ನು ತಿಳಿದದ್ದಕ್ಕೂ ಅಂತರವಿದೆ. ಇದನ್ನು ಅರಿಯಲು ನೀವೇ ಒಂದು ಪ್ರಯೋಗವನ್ನು ಮಾಡಬಹುದು.

ಲೂಡೋ ಆಟದ ಎರಡು ದಾಳಗಳನ್ನು ತೆಗೆದುಕೊಳ್ಳಿ. ಒಂದೊಂದು ಎಸೆತವೂ ತರಗತಿಯ ಒಂದು ದಿನ. ಎರಡು ದಾಳಗಳ ಮೊತ್ತವೇ ಆ ದಿನದ ಗದ್ದಲ ಎಂದು ಭಾವಿಸಿ. 11 ಅಥವಾ 12 ಬಿದ್ದರೆ ಅಂದು ಗದ್ದಲ ಮಿತಿಮೀರಿತು; ದಾಳಗಳನ್ನು ಗಟ್ಟಿಯಾಗಿ ಗದರಿಸಿ, ಮತ್ತೆ ಎಸೆಯಿರಿ. ಮುಂದಿನ ಎಸೆತದಲ್ಲಿ ಮೊತ್ತವು 10 ಅಥವಾ ಅದಕ್ಕಿಂತ ಕಡಿಮೆ ಬರುವ ಸಂಭವ ಎಷ್ಟು? ಎರಡು ದಾಳಗಳು ಬೀಳುವ ಬಗೆಗಳು ಒಟ್ಟು 36. ಅವುಗಳಲ್ಲಿ 11 ಎರಡು ಬಗೆಯಿಂದಲೂ 12 ಒಂದೇ ಬಗೆಯಿಂದಲೂ ಬರುತ್ತವೆ. ಉಳಿದ 33 ಬಗೆಗಳಲ್ಲಿ ಮೊತ್ತವು 10ನ್ನು ಮೀರುವುದಿಲ್ಲ. ಎಂದರೆ 12 ಸಲ ಗದರಿಸಿದರೆ ಸರಾಸರಿ 11 ಸಲ 'ಸುಧಾರಣೆ' ಕಾಣುತ್ತದೆ! ಇನ್ನು 2 ಅಥವಾ 3 ಬಿದ್ದಾಗ, ಅಂದರೆ ತರಗತಿ ತುಂಬ ಶಾಂತವಾಗಿದ್ದಾಗ, ದಾಳಗಳನ್ನು ಹೊಗಳಿ ನೋಡಿ. ಅದೇ ಲೆಕ್ಕದಂತೆ 12ರಲ್ಲಿ 11 ಸಲ ಮುಂದಿನ ಎಸೆತವು ಕೆಡುತ್ತದೆ. ದಾಳಗಳಿಗೆ ಕಿವಿಯಿಲ್ಲ. ಆದರೂ ಬೈದರೆ ಒಳ್ಳೆಯದಾಗುತ್ತದೆ, ಹೊಗಳಿದರೆ ಕೆಡುತ್ತದೆ ಎಂಬ 'ಅನುಭವ' ನಮಗೆ ಬರುತ್ತದೆ.

ಇದಕ್ಕೆ ಸರಾಸರಿಯ ಕಡೆಗೆ ಮರಳುವಿಕೆ ಎಂದು ಹೆಸರು. ತಂದೆತಾಯಿಗಳ ಮತ್ತು ಮಕ್ಕಳ ಎತ್ತರವನ್ನು ಅಳೆದು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಇದನ್ನು ವಿವರಿಸಿದನು. ಮುಂದೆ 1960ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಇಸ್ರೇಲಿನ ವಿಮಾನ ತರಬೇತುದಾರರ ಬಾಯಲ್ಲಿ ಇದೇ ಮಾತನ್ನು ಕೇಳಿದರು: ಹೊಗಳಿದವನು ಮರುದಿನ ಕೆಟ್ಟದಾಗಿ ಹಾರಿಸುತ್ತಾನೆ, ಬೈಸಿಕೊಂಡವನು ಚೆನ್ನಾಗಿ ಹಾರಿಸುತ್ತಾನೆ. ತರಬೇತುದಾರರು ಕಂಡದ್ದು ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು ಎಂದು ಅವರು ಕಂಡುಕೊಂಡರು. ತುಂಬ ಕೆಟ್ಟ ದಿನದ ಮರುದಿನ ಬಹುಮಟ್ಟಿಗೆ ಅಷ್ಟು ಕೆಟ್ಟದಾಗಿರುವುದಿಲ್ಲ. ಆ ಕೀರ್ತಿಯು ಅನ್ಯಾಯವಾಗಿ ಬೆತ್ತಕ್ಕೆ ಸಲ್ಲುತ್ತದೆ.

ಇನ್ನೊಂದು ಕಾರಣವೂ ಉಂಟು. ಗುರುಗಳು ಮೇಜನ್ನು ಬಡಿದು ಕೂಗಿದೊಡನೆ ಕೋಣೆಯು ಅರೆಕ್ಷಣ ನಿಶ್ಶಬ್ದವಾಗುತ್ತದೆ. ಆ ನಿಶ್ಶಬ್ದವೇ ಗುರುಗಳಿಗೆ ಸಿಕ್ಕ ಬಹುಮಾನ. ಬಹುಮಾನ ಸಿಕ್ಕ ವರ್ತನೆಯನ್ನು ಪ್ರಾಣಿಯೂ ಮನುಷ್ಯನೂ ಮತ್ತೆ ಮತ್ತೆ ಮಾಡುತ್ತಾರೆ. ಆದುದರಿಂದ ಕೂಗಿನಿಂದ ಹೆಚ್ಚಾಗಿ ಪಾಠ ಕಲಿಯುವವರು ಗುರುಗಳೇ: ಅವರು ಕೂಗಲು ಕಲಿಯುತ್ತಾರೆ. ಮಕ್ಕಳು ಏನನ್ನು ಕಲಿಯುತ್ತಾರೆ? ಅಮೆರಿಕದ ಬಿ. ಎಫ್. ಸ್ಕಿನ್ನರ್ 1938ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಉಪಯುಕ್ತ. ಸನ್ನೆಯನ್ನು ಒತ್ತಿದರೆ ಆಹಾರ ಸಿಗುವಂತೆ ಇಲಿಗಳನ್ನು ಪಳಗಿಸಿ, ಬಳಿಕ ಆಹಾರವನ್ನು ನಿಲ್ಲಿಸಿದರು. ಕೆಲವು ಇಲಿಗಳಿಗೆ ಮೊದಮೊದಲು ಸನ್ನೆಯನ್ನು ಒತ್ತಿದಾಗ ಮುಂಗಾಲಿಗೆ ಏಟು ಬೀಳುವಂತೆ ಮಾಡಿದರು. ಏಟು ತಿಂದ ಇಲಿಗಳು ಒಡನೆಯೇ ಒತ್ತುವುದನ್ನು ಕಡಿಮೆ ಮಾಡಿದವು. ಆದರೆ ಏಟು ನಿಂತ ಮೇಲೆ ಬಾಕಿಯನ್ನು ತೀರಿಸುವಂತೆ ಒತ್ತಿ, ಕೊನೆಗೆ ಒಟ್ಟು ಲೆಕ್ಕದಲ್ಲಿ ಏಟು ತಿನ್ನದ ಇಲಿಗಳಿಗೆ ಸಮವಾದವು. ಶಿಕ್ಷೆಯು ಬಹಳ ಕ್ರೂರವಾಗಿದ್ದರೆ ವರ್ತನೆಯನ್ನು ಹೆಚ್ಚು ಕಾಲ ಅಡಗಿಸಬಲ್ಲುದೆಂದು ಮುಂದಿನ ಪ್ರಯೋಗಗಳು ತೋರಿಸಿವೆ. ಆದರೆ ಅಂಥ ಕ್ರೌರ್ಯಕ್ಕೆ ಶಾಲೆಯಲ್ಲಿ ಎಡೆಯಿಲ್ಲ. ಅಲ್ಲದೆ ಏಟು ಏನು ಮಾಡಬಾರದೆಂದು ಹೇಳೀತೇ ಹೊರತು ಏನು ಮಾಡಬೇಕೆಂದು ಹೇಳಲಾರದು.

ಕೋಣೆಯ ಶಬ್ದ

ಶಿಸ್ತಿನ ವಿಚಾರದಲ್ಲಿ ಭೌತಶಾಸ್ತ್ರಕ್ಕೂ ಒಂದು ಪಾಲಿದೆ. ಅದನ್ನು ಮರೆಯುವವರೇ ಹೆಚ್ಚು. ಗದ್ದಲದ ನಡುವೆ ಮಾತನಾಡುವವನು ತನಗರಿವಿಲ್ಲದೆಯೇ ದನಿಯನ್ನು ಏರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಪ್ರಕಟಿಸಿದನು. ತರಗತಿಯಲ್ಲಿ ಇದು ವಿಷಚಕ್ರವಾಗುತ್ತದೆ. ಮಕ್ಕಳು ಮಾತನಾಡುತ್ತಾರೆ, ಗುರುಗಳು ದನಿ ಏರಿಸುತ್ತಾರೆ. ಆ ದನಿಯ ಮೇಲೆ ತಮ್ಮ ಮಾತು ಕೇಳಬೇಕೆಂದು ಮಕ್ಕಳೂ ಏರಿಸುತ್ತಾರೆ. ಗುರುಗಳು ದನಿಯನ್ನು ತಗ್ಗಿಸಿದರೆ, ಇಲ್ಲವೆ ಮಾತನ್ನೇ ನಿಲ್ಲಿಸಿ ಕೈಯೆತ್ತಿ ನಿಂತರೆ, ಚಕ್ರವು ತಿರುಗುವುದನ್ನು ನಿಲ್ಲಿಸುತ್ತದೆ. ಅನುಭವಿಗಳಾದ ಅಕ್ಕೋರು ಮೆಲುದನಿಯಲ್ಲಿ ಕಥೆ ಹೇಳಲು ತೊಡಗಿದಾಗ ತರಗತಿ ಕಿವಿಗೊಡುವುದರ ಗುಟ್ಟು ಇದು.

ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದದ ಮಟ್ಟವು 6 ಡೆಸಿಬೆಲ್ ಇಳಿಯುತ್ತದೆ. ಗುರುಗಳಿಂದ 1 ಮೀಟರ್ ದೂರದಲ್ಲಿ 60 ಡೆಸಿಬೆಲ್ ಇರುವ ಮಾತು 8 ಮೀಟರ್ ದೂರದಲ್ಲಿ 42 ಆಗುತ್ತದೆ. ಕೋಣೆಯೊಳಗೆ ಗೋಡೆಗಳಿಂದ ಮರಳುವ ಶಬ್ದವು ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ ನಿಜ. ಆದರೆ ತಡವಾಗಿ ಮರಳುವ ಶಬ್ದವು ಒಂದು ಅಕ್ಷರವನ್ನು ಇನ್ನೊಂದರ ಮೇಲೆ ಹೇರಿ ಮಾತನ್ನು ಕಲಸಿಬಿಡುತ್ತದೆ. ಶಬ್ದವು ಹೀಗೆ ಉಳಿದುಕೊಳ್ಳುವುದನ್ನು ಅನುರಣನವೆನ್ನುತ್ತೇವೆ; ಅದು 60 ಡೆಸಿಬೆಲ್ ಇಳಿಯಲು ಹಿಡಿಯುವ ಕಾಲವೇ ಅನುರಣನ ಕಾಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾತು ಕೇಳದ ಉಪನ್ಯಾಸದ ಕೋಣೆಯೊಂದನ್ನು 1895ರಿಂದ ಪರೀಕ್ಷಿಸಿದ ವಾಲೇಸ್ ಸಬೈನ್ ಇದಕ್ಕೆ ಸರಳವಾದ ಸೂತ್ರವನ್ನು ಕಂಡುಹಿಡಿದನು: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆಯು ಶಬ್ದವನ್ನು ಹೀರುವ ಒಟ್ಟು ಶಕ್ತಿಯಿಂದ ಭಾಗಿಸಬೇಕು. ಅಳತೆಗಳೆಲ್ಲ ಮೀಟರಿನಲ್ಲಿರಬೇಕು.

ಬಾದಾಮಿಯ ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟು, ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಕಲ್ಲೂ ನುಣುಪಾದ ಗಿಲಾವೂ ತಮಗೆ ತಗುಲಿದ ಶಬ್ದದಲ್ಲಿ ನೂರಕ್ಕೆ ಸುಮಾರು ಮೂರು ಪಾಲನ್ನು ಮಾತ್ರ ಹೀರುತ್ತವೆ. 8 ಮೀಟರ್ ಉದ್ದ, 6 ಮೀಟರ್ ಅಗಲ, ಮೂರೂವರೆ ಮೀಟರ್ ಎತ್ತರದ ಕೋಣೆಯನ್ನು ತೆಗೆದುಕೊಳ್ಳೋಣ. ಅದರ ಘನ ಅಳತೆ 168. ಗೋಡೆ, ನೆಲ, ಮಾಡುಗಳ ಒಟ್ಟು ವಿಸ್ತೀರ್ಣ 194 ಚದರ ಮೀಟರ್. ಬಾಗಿಲು ಕಿಟಕಿಗಳನ್ನು ಮುಚ್ಚಿದ ಬರಿಯ ಕೋಣೆಯ ಹೀರುವ ಶಕ್ತಿ 6ಕ್ಕಿಂತಲೂ ಕಡಿಮೆ. ಅನುರಣನ ಕಾಲ ನಾಲ್ಕೂವರೆ ಸೆಕೆಂಡಿಗಿಂತ ಹೆಚ್ಚು. ನಲವತ್ತು ಮಕ್ಕಳು ಒಳಗೆ ಬಂದರೆ ಅವರ ಮೈಯೂ ಬಟ್ಟೆಯೂ ಸುಮಾರು 12ನ್ನು ಸೇರಿಸುತ್ತವೆ. ಕಾಲವು ಒಂದೂವರೆ ಸೆಕೆಂಡಿಗೆ ಇಳಿಯುತ್ತದೆ. ತೆರೆದ ಕಿಟಕಿಯು ತನ್ನ ಮೂಲಕ ಹೋದ ಶಬ್ದವನ್ನು ಹಿಂದಕ್ಕೆ ಕೊಡುವುದಿಲ್ಲ. 6 ಚದರ ಮೀಟರಿನಷ್ಟು ಬಾಗಿಲು ಕಿಟಕಿಗಳನ್ನು ತೆರೆದರೆ ಸುಮಾರು 1.1 ಸೆಕೆಂಡು. ಹಿಂದಿನ ಗೋಡೆಗೆ 12 ಚದರ ಮೀಟರಿನಷ್ಟು ಹಳೆಯ ಕೌದಿಗಳನ್ನು ನೆರಿಗೆ ಬರುವಂತೆ ತೂಗುಬಿಟ್ಟರೆ ಅವು ಸುಮಾರು 5ನ್ನು ಸೇರಿಸಬಲ್ಲವು. ಆಗ ಕಾಲವು ಒಂದು ಸೆಕೆಂಡಿಗಿಂತ ಕೆಳಗೆ ಬರುತ್ತದೆ. ಇಂಥ ತರಗತಿಗೆ 0.6 ಸೆಕೆಂಡು ಮೀರಬಾರದೆಂಬುದು ಅಮೆರಿಕದಲ್ಲಿ 2002ರಲ್ಲಿ ಗೊತ್ತುಪಡಿಸಿದ ಮಾನ. ನಾವು ಅಲ್ಲಿಗೆ ಮುಟ್ಟಲಿಲ್ಲ. ಆದರೆ ಅಜ್ಜಿ ಹೊಲಿದ ಕೌದಿ ಬೆತ್ತಕ್ಕಿಂತ ಹೆಚ್ಚು ಶಿಸ್ತನ್ನು ತಂದಿತು!

ಹಿಂದಿನ ಸಾಲಿನ ಹುಡುಗರು ಮಾತನಾಡುತ್ತಾರೆಂದು ನಾವು ದೂರುತ್ತೇವೆ. ಅವರಿಗೆ ಪಾಠ ಕೇಳಿಸುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ಕೇಳಿಸದವನು ಮಾತನಾಡದೆ ಇನ್ನೇನು ಮಾಡಿಯಾನು? ಗುರುಗಳು ಕರಿಹಲಗೆಯ ಬಳಿಯೇ ನಿಂತುಬಿಡದೆ ಸಾಲುಗಳ ನಡುವೆ ಓಡಾಡಿದರೆ ಆ ದೂರವು ತಾನೇ ಕಡಿಮೆಯಾಗುತ್ತದೆ.

ತಪ್ಪಿಗೆ ಮುಂಚಿನ ಕೆಲಸ

ಅಮೆರಿಕದ ಡೆಟ್ರಾಯಿಟ್ ನಗರದ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಜೇಕಬ್ ಕೂನಿನ್ ಎಂಬ ಮನಶ್ಶಾಸ್ತ್ರಜ್ಞರು ಅನೇಕ ತರಗತಿಗಳಲ್ಲಿ ಚಿತ್ರೀಕರಣ ಮಾಡಿ, ಗುರುಗಳು ತಪ್ಪು ಮಾಡಿದ ಮಕ್ಕಳನ್ನು ಹೇಗೆ ತಿದ್ದುತ್ತಾರೆಂಬುದನ್ನು ಪರಿಶೀಲಿಸಿದರು. ಒಬ್ಬನನ್ನು ಗದರಿಸಿದರೆ ಅದರ ಪರಿಣಾಮವು ನೀರಿನ ಅಲೆಯಂತೆ ಉಳಿದವರಿಗೂ ಹರಡುವುದನ್ನು ಅವರು ಮೊದಲೇ ಗಮನಿಸಿದ್ದರು. ಆದುದರಿಂದ ಚೆನ್ನಾಗಿ ಗದರಿಸುವವರ ತರಗತಿಯು ಚೆನ್ನಾಗಿರಬೇಕೆಂದು ನಿರೀಕ್ಷಿಸಬಹುದಾಗಿತ್ತು. 1970ರಲ್ಲಿ ಪ್ರಕಟವಾದ ಫಲಿತಾಂಶವು ಬೇರೆಯೇ ಆಗಿತ್ತು. ಶಾಂತವಾದ ತರಗತಿಯ ಗುರುಗಳೂ ಗದ್ದಲದ ತರಗತಿಯ ಗುರುಗಳೂ ತಪ್ಪು ನಡೆದ ಮೇಲೆ ಮಾಡುತ್ತಿದ್ದುದರಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದುದು ತಪ್ಪು ನಡೆಯುವುದಕ್ಕೆ ಮುಂಚೆ ಅವರು ಮಾಡುತ್ತಿದ್ದ ಕೆಲಸದಲ್ಲಿ.

ಆ ಕೆಲಸಗಳು ಯಾವುವು? ಸಮರ್ಥರಾದ ಗುರುಗಳ ಕಣ್ಣು ಇಡೀ ಕೋಣೆಯ ಮೇಲಿರುತ್ತದೆ. ಒಬ್ಬನ ಪಾಟಿ ನೋಡುತ್ತಿದ್ದರೂ ಮೂಲೆಯಲ್ಲಿ ಏನು ನಡೆದಿದೆಯೆಂದು ಬಲ್ಲರು, ಬಲ್ಲರೆಂಬುದು ಮಕ್ಕಳಿಗೂ ಗೊತ್ತು. ಅವರು ಎರಡು ಕೆಲಸಗಳನ್ನು ಏಕಕಾಲದಲ್ಲಿ ನಿಭಾಯಿಸುತ್ತಾರೆ. ಪಾಠದ ಓಟವನ್ನು ತಾವೇ ಕಡಿಯುವುದಿಲ್ಲ. ನೆಲದ ಮೇಲೆ ಬಿದ್ದ ಕಾಗದದ ಚೂರಿಗಾಗಿ ಐದು ನಿಮಿಷ ಉಪದೇಶ ಮಾಡುವುದಿಲ್ಲ. ಪ್ರಶ್ನೆಯನ್ನು ಇಡೀ ತರಗತಿಗೆ ಹಾಕಿ ಆಮೇಲೆ ಹೆಸರು ಕರೆಯುತ್ತಾರೆ. ಹೆಸರನ್ನು ಮೊದಲೇ ಕರೆದರೆ ಉಳಿದ ಮೂವತ್ತೊಂಬತ್ತು ಜನ ನಿಶ್ಚಿಂತರಾಗುತ್ತಾರಲ್ಲವೆ?

ಇಳಕಲ್ಲಿನ ನೇಕಾರರು ಲಾಳಿಯನ್ನು ಒಮ್ಮೆಯೂ ಎಸೆಯುವುದಕ್ಕೆ ಮುಂಚೆ ಮೈಯ ಹಾಸನ್ನು ಸೆರಗಿನ ಹಾಸಿಗೆ ಕುಣಿಕೆ ಕುಣಿಕೆಯಾಗಿ ಸೇರಿಸುತ್ತಾರೆ. ತೋಪು ತೆನಿ ಎಂಬ ಈ ಕೆಲಸವು ತಾಳ್ಮೆಯದು. ಅಲ್ಲಿ ತಪ್ಪಿದರೆ ಆಮೇಲೆ ಎಷ್ಟು ಜಾಣತನದಿಂದ ನೇಯ್ದರೂ ಸೀರೆ ನೆಟ್ಟಗಾಗದು. ಹೊಸ ಗುರುಗಳ ಮೊದಲ ವಾರವೂ ಅಂಥದೇ. ಆ ವಾರದಲ್ಲಿ ಮಾಡಬೇಕಾದವು ಕೆಲವೇ. ಮಕ್ಕಳ ಹೆಸರುಗಳನ್ನೆಲ್ಲ ಕಲಿಯಬೇಕು; ಹೆಸರು ಹಿಡಿದು ಕರೆಯುವ ಗುರುಗಳಿಗೆ ಕೂಗುವ ಅಗತ್ಯ ಬೀಳುವುದು ಕಡಿಮೆ. ಮೂರು ನಾಲ್ಕಕ್ಕಿಂತ ಹೆಚ್ಚು ನಿಯಮಗಳಿರಬಾರದು. ಅವು 'ಮಾಡಬೇಡ' ಎಂಬುದಕ್ಕಿಂತ 'ಹೀಗೆ ಮಾಡು' ಎಂಬ ರೂಪದಲ್ಲಿರಬೇಕು. ಒಳಗೆ ಬರುವುದು, ಪುಸ್ತಕ ಹಂಚುವುದು, ನೀರಿಗೆ ಹೋಗುವುದು, ಅನುಮತಿ ಕೇಳುವುದು ಇವನ್ನು ಬರಿಯ ಮಾತಿನಲ್ಲಿ ಹೇಳದೆ, ಮಗ್ಗಿಯನ್ನು ರೂಢಿಸುವಂತೆ ಮಾಡಿಸಿ ರೂಢಿಸಬೇಕು. ಮಕ್ಕಳು ಒಳಗೆ ಕಾಲಿಟ್ಟಾಗಲೇ ಕರಿಹಲಗೆಯ ಮೇಲೆ ಮಾಡಬೇಕಾದ ಲೆಕ್ಕವೊಂದು ಬರೆದಿರಬೇಕು. ಗದ್ದಲವು ಹುಟ್ಟುವುದು ಹೆಚ್ಚಾಗಿ ಒಂದು ಕೆಲಸ ಮುಗಿದು ಇನ್ನೊಂದು ತೊಡಗುವ ಸಂದಿಯಲ್ಲಿ.

ಕಾಯುವುದೂ ಒಂದು ಕಲೆ. ಪ್ರಶ್ನೆ ಕೇಳಿದ ಗುರುಗಳು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದು ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣದ ಸಂಶೋಧಕರು 1970ರ ದಶಕದಲ್ಲಿ ಅಳೆದು ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಶಿಸ್ತಿಗಾಗಿ ಗದರಿಸಬೇಕಾದ ಸಂದರ್ಭಗಳೂ ಕಡಿಮೆಯಾದವು. ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಲು ಯಾವ ಉಪಕರಣವೂ ಬೇಡ.

ಎಲ್ಲ ಸದ್ದೂ ಅಶಿಸ್ತಲ್ಲವೆಂಬುದನ್ನೂ ಹೊಸಬರು ಅರಿಯಬೇಕು. ಹೆಗ್ಗಡದೇವನಕೋಟೆಯಲ್ಲಿ 1990ರ ದಶಕದಲ್ಲಿ ತೊಡಗಿ, 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿದ ನಲಿ-ಕಲಿ ಪದ್ಧತಿಯಲ್ಲಿ ಮೊದಲ ಮೂರು ತರಗತಿಗಳ ಮಕ್ಕಳು ಒಟ್ಟಿಗೆ ಗುಂಪು ಗುಂಪಾಗಿ ಕುಳಿತು, ತಮ್ಮ ತಮ್ಮ ಮಟ್ಟದ ಚೀಟಿಗಳನ್ನು ತೆಗೆದುಕೊಂಡು ಕಲಿಯುವ ಏರ್ಪಾಡಿದೆ. ಅಲ್ಲಿ ಸದ್ದಿರುತ್ತದೆ, ಅದು ಜೇನುಗೂಡಿನ ಸದ್ದು. ಬಳ್ಳಾರಿಯ ಹಳೆಯ ಶಾಲೆಗಳಲ್ಲಿ ಹಿರಿಯ ಹುಡುಗನು ಕಿರಿಯನಿಗೆ ಕಲಿಸುತ್ತಿದ್ದಾಗ ಕೇಳುತ್ತಿದ್ದುದೂ ಇಂಥ ಸದ್ದೇ ಇರಬೇಕು.

ಒಂದು ಆಟದ ಪ್ರಯೋಗ

1969ರಲ್ಲಿ ಅಮೆರಿಕದ ಮೂವರು ಸಂಶೋಧಕರು ನಾಲ್ಕನೆಯ ತರಗತಿಯೊಂದರ 24 ಮಕ್ಕಳನ್ನು ಎರಡು ತಂಡಗಳಾಗಿ ವಿಂಗಡಿಸಿ ಒಂದು ಆಟವನ್ನು ಏರ್ಪಡಿಸಿದರು. ನಿಯಮಗಳನ್ನು ಮೊದಲೇ ಹೇಳಲಾಯಿತು. ಯಾರಾದರೂ ನಿಯಮ ಮೀರಿದರೆ ಅವರ ತಂಡದ ಹೆಸರಿನ ಮುಂದೆ ಹಲಗೆಯ ಮೇಲೆ ಒಂದು ಗೆರೆ. ಗೆರೆ ಕಡಿಮೆಯಿದ್ದ ತಂಡಕ್ಕೆ ಗೆಲುವು. ಎರಡು ತಂಡಗಳ ಗೆರೆಗಳೂ ಗೊತ್ತುಪಡಿಸಿದ ಮಿತಿಯೊಳಗಿದ್ದರೆ ಎರಡಕ್ಕೂ ಗೆಲುವು. ಗೆದ್ದವರಿಗೆ ಊಟದ ಸಾಲಿನಲ್ಲಿ ಮೊದಲ ಸ್ಥಾನ, ಸಂಜೆ ಸ್ವಲ್ಪ ಬಿಡುವು, ಇಂಥ ಖರ್ಚಿಲ್ಲದ ಬಹುಮಾನ. ಆಟವನ್ನು ಗಣಿತದ ವೇಳೆಯಲ್ಲಿ ತೊಡಗಿದಾಗ ಆ ವೇಳೆಯ ಗದ್ದಲವು ಕೂಡಲೇ ಇಳಿಯಿತು. ಓದಿನ ವೇಳೆಯಲ್ಲಿ ಮೊದಲಿನಂತೆಯೇ ಉಳಿಯಿತು. ಗಣಿತದಿಂದ ತೆಗೆದು ಓದಿಗೆ ತಂದಾಗ ಗಣಿತದಲ್ಲಿ ಗದ್ದಲ ಮರಳಿತು, ಓದಿನಲ್ಲಿ ಇಳಿಯಿತು. ಎರಡರಲ್ಲಿಯೂ ಆಡಿಸಿದಾಗ ಎರಡರಲ್ಲಿಯೂ ಇಳಿಯಿತು.

ಪ್ರಯೋಗದ ಈ ಏರ್ಪಾಡನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕೆಟ್ಟ ದಿನವು ತಾನಾಗಿಯೇ ಸುಧಾರಿಸಿ ನಮ್ಮನ್ನು ಮೋಸಗೊಳಿಸೀತೆಂದು ದಾಳಗಳು ನಮಗೆ ತೋರಿಸಿಕೊಟ್ಟವು. ಇಲ್ಲಿ ಆಟವನ್ನು ಕೊಟ್ಟು, ತೆಗೆದು, ಮತ್ತೆ ಕೊಟ್ಟುದರಿಂದ ಇಳಿತಕ್ಕೆ ಆಟವೇ ಕಾರಣವೆಂದು ಧೈರ್ಯವಾಗಿ ಹೇಳಬಹುದು. ಬೆತ್ತದ ಪರವಾಗಿ ಹೇಳುವ ಅನುಭವಗಳಲ್ಲಿ ಇಂಥ ಪರೀಕ್ಷೆ ಇರುವುದಿಲ್ಲ. ಬಾಲ್ಟಿಮೋರ್ ನಗರದಲ್ಲಿ 1985–86ರಲ್ಲಿ ಒಂದನೆಯ ತರಗತಿಯಲ್ಲಿ ಈ ಆಟವನ್ನಾಡಿದ ಮಕ್ಕಳನ್ನು ಪ್ರಾಯಕ್ಕೆ ಬರುವವರೆಗೆ ಗಮನಿಸಿದಾಗ, ಮುಖ್ಯವಾಗಿ ಮೊದಲಲ್ಲಿ ಬಹಳ ಪುಂಡರಾಗಿದ್ದ ಗಂಡುಮಕ್ಕಳಲ್ಲಿ, ಮಾದಕ ವಸ್ತುಗಳ ಚಟಕ್ಕೆ ಬಿದ್ದವರು ಕಡಿಮೆಯಿದ್ದುದು ಕಂಡುಬಂದಿತು. ಆದರೆ ಒಂದು ಎಚ್ಚರಿಕೆ ಬೇಕು: ಒಬ್ಬನಿಂದ ತಂಡ ಸೋತಿತೆಂದು ಉಳಿದವರು ಅವನ ಮೇಲೆ ಬೀಳಬಾರದು. ಎಲ್ಲರೂ ಗೆಲ್ಲಬಹುದಾದ ನಿಯಮವೇ ಲೇಸು. ಬಳ್ಳಾರಿಯ ಹನ್ನೆರಡನೆಯ ಹುಡುಗನಿಗೆ ಇಲ್ಲದಿದ್ದುದು ಇದೇ ಅವಕಾಶ.

ತಪ್ಪು ನಡೆದಾಗ

ಎಷ್ಟು ಸಿದ್ಧತೆಯಿದ್ದರೂ ತಪ್ಪುಗಳು ನಡೆಯುತ್ತವೆ. ಆಗ ಕಾನೂನಿನ ಎಲ್ಲೆ ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಅಧಿನಿಯಮದ 17ನೆಯ ಪ್ರಕರಣವು ಮಗುವಿಗೆ ಶಾರೀರಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹಾಗಾದರೆ ಗುರುಗಳು ಏನು ಮಾಡಬೇಕು? ಸಣ್ಣ ತಪ್ಪಿಗೆ ಒಂದು ನೋಟ, ಹತ್ತಿರ ಹೋಗಿ ನಿಲ್ಲುವುದು, ಪಾಠ ನಿಲ್ಲಿಸದೆ ಬೆರಳಿನಿಂದ ಪುಸ್ತಕವನ್ನು ತೋರಿಸುವುದು ಸಾಕು. ದೊಡ್ಡ ತಪ್ಪನ್ನು ಎಲ್ಲರ ಮುಂದೆ ಎತ್ತಿಯಾಡದೆ, ತರಗತಿ ಮುಗಿದ ಮೇಲೆ ಒಬ್ಬನನ್ನೇ ಕರೆದು ಮಾತನಾಡಬೇಕು. ಜೊತೆಯವರ ಮುಂದೆ ಮಾನ ಕಳೆದುಕೊಂಡ ಹುಡುಗನಿಗೆ ತಿದ್ದಿಕೊಳ್ಳುವುದಕ್ಕಿಂತ ಎದುರು ನಿಲ್ಲುವುದೇ ಗೌರವದ ದಾರಿಯಾಗಿ ಕಾಣುತ್ತದೆ. ತಡವಾಗಿ ಬಂದವಳನ್ನು ಬಾಗಿಲಲ್ಲಿ ನಿಲ್ಲಿಸಿದರೆ ಅವಳು ಇನ್ನಷ್ಟು ಪಾಠ ಕಳೆದುಕೊಳ್ಳುತ್ತಾಳೆ. 'ಬಾರವ್ವಾ, ಕುಂದ್ರು' ಎಂದು ಒಳಗೆ ಕರೆದು, ಕಾರಣವನ್ನು ಆಮೇಲೆ ವಿಚಾರಿಸಿ, ಮನೆಯವರೊಡನೆ ಮಾತನಾಡುವುದು ಫಲಕಾರಿ. ಮಂಗಳೂರಿಗೋ ಗೋವೆಗೋ ದುಡಿಯಲು ಹೋಗಿ ನಡುವರ್ಷದಲ್ಲಿ ಮರಳುವ ಕುಟುಂಬದ ಹುಡುಗನು ಪಾಠ ತಿಳಿಯದೆ ಚೇಷ್ಟೆ ಮಾಡಿದರೆ, ಅವನಿಗೆ ಬೇಕಾದುದು ಶಿಕ್ಷೆಯಲ್ಲ, ಬಿಟ್ಟುಹೋದ ಪಾಠ.

ಕೊನೆಯದಾಗಿ ಒಂದು ಪರೀಕ್ಷೆ. ಗುರುಗಳು ಹೊರಗೆ ಹೋದಾಗ ತರಗತಿ ಏನು ಮಾಡುತ್ತದೆ? ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್ ಮತ್ತು ಅವರ ಸಂಗಡಿಗರು 1939ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹತ್ತು ವರ್ಷದ ಬಾಲಕರ ಸಂಘಗಳನ್ನು ಬೇರೆ ಬೇರೆ ಬಗೆಯ ನಾಯಕರು ನಡೆಸಿದರು. ಎಲ್ಲವನ್ನೂ ಅಪ್ಪಣೆಯಿಂದ ಮಾಡಿಸುತ್ತಿದ್ದ ನಾಯಕನು ಹೊರಗೆ ಹೋದೊಡನೆ ಬಾಲಕರ ಕೆಲಸವು ಕುಸಿಯಿತು. ಬಾಲಕರೊಡನೆ ಚರ್ಚಿಸಿ ಕೆಲಸ ಗೊತ್ತುಮಾಡುತ್ತಿದ್ದ ನಾಯಕನು ಹೋದಾಗ ಕೆಲಸವು ಬಹುಮಟ್ಟಿಗೆ ಮೊದಲಿನಂತೆಯೇ ಸಾಗಿತು. ಏನೂ ಹೇಳದೆ ಬಿಟ್ಟುಬಿಟ್ಟವನ ಸಂಘದಲ್ಲಿ ಅವನಿದ್ದಾಗಲೂ ಕೆಲಸ ಕಡಿಮೆಯೇ. ಆದುದರಿಂದ ಬೆತ್ತವನ್ನು ಬಿಡುವುದೆಂದರೆ ಮಕ್ಕಳನ್ನು ಮನಸ್ಸು ಬಂದಂತೆ ಬಿಡುವುದೆಂದಲ್ಲ.

ಗುರುಗಳ ಕಣ್ಣಿಗೆ ಹೆದರಿ ಉಂಟಾದ ಶಿಸ್ತು ಆ ಕಣ್ಣಿನೊಡನೆ ಹೊರಟುಹೋಗುತ್ತದೆ. ಕೆಲಸದಿಂದ ಹುಟ್ಟಿದ ಶಿಸ್ತು ಕೆಲಸದೊಡನೆ ಉಳಿಯುತ್ತದೆ. ನಾಳೆ ಗುರುಗಳಾಗುವ ವಿದ್ಯಾರ್ಥಿಗಳು ಇದನ್ನು ನಮ್ಮ ಮಾತಿನ ಮೇಲೆಯೇ ನಂಬಬೇಕಾಗಿಲ್ಲ. ಎರಡು ದಾಳಗಳನ್ನು ಎಸೆದು ಲೆಕ್ಕ ಬರೆಯಿರಿ; ನಿಮ್ಮ ತರಗತಿಯ ಕೋಣೆಯನ್ನು ಅಳೆದು ಅನುರಣನ ಕಾಲವನ್ನು ಗುಣಿಸಿ ನೋಡಿರಿ; ಗುರುಗಳು ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡು ಕಾಯುತ್ತಾರೆಂದು ಒಂದು ವಾರ ಗುರುತು ಹಾಕಿಕೊಳ್ಳಿರಿ. ಅಳೆದು ನೋಡುವ ಅಭ್ಯಾಸವಾದವರು ಬೆತ್ತಕ್ಕೆ ಕೈ ಹಾಕುವ ಮುನ್ನ ಒಂದು ಕ್ಷಣ ಯೋಚಿಸುವರು. ಎಷ್ಟೋ ಮಕ್ಕಳು ಶಾಲೆಯಲ್ಲಿ ಉಳಿಯುವುದಕ್ಕೆ ಆ ಒಂದು ಕ್ಷಣ ಸಾಕು.